ಪುಟ ಇಪ್ಪತ್ತೆರಡರ ಇರುವೆ

ಜೂನ್ ೪

ಮಾನ್ಯರೇ,

ವಿಷಯ: ಇರುವೆಯ ನಿದ್ದೆಯ ಬಗ್ಗೆ ಮಾಹಿತಿ ಕೋರಿ.

ನಮ್ಮ ಕಚೇರಿ ಪ್ರಕಟಿಸುವ ನಾಲ್ಕನೇ ತರಗತಿಯ ವಿಜ್ಞಾನ ಪಠ್ಯಪುಸ್ತಕದಲ್ಲಿ, ಕೀಟಗಳ ಪಾಠ ಮುಗಿದ ಮೇಲೆ ‘ನಿಮಗೆ ಗೊತ್ತೇ?’ ಎಂಬ ಚೌಕವೊಂದಿದೆ. ಅದರೊಳಗಿನ ಮಾತು ಇಷ್ಟು: ‘ಇರುವೆ ತನ್ನ ಜೀವಮಾನದಲ್ಲಿ ಒಮ್ಮೆಯೂ ನಿದ್ದೆ ಮಾಡುವುದಿಲ್ಲ.’ ಶಾಲಾ ಶಿಕ್ಷಕಿಯೊಬ್ಬರು ತಮ್ಮ ತರಗತಿಯಲ್ಲಿ ಗಾಜಿನ ಭರಣಿಯೊಳಗೆ ಇರುವೆ ಸಾಕಿದ್ದಾರೆ. ಅವು ಆಗಾಗ ಮೀಸೆ ಇಳಿಬಿಟ್ಟು ನಿಂತುಬಿಡುತ್ತವೆ, ಅದು ನಿದ್ದೆಯಲ್ಲದೆ ಮತ್ತೇನು, ನಿಮ್ಮ ಮಾತಿಗೆ ಆಧಾರವೇನು ಎಂದು ಕೇಳಿ ಬರೆದಿದ್ದಾರೆ. ಆಧಾರ ಹುಡುಕುವ ಕೆಲಸ ನನ್ನ ಮೇಜಿಗೆ ಬಂದಿದೆ.

ಪಠ್ಯಪುಸ್ತಕದವರು ಅದನ್ನು ಶಿಕ್ಷಕರ ಕೈಪಿಡಿಯಿಂದ ತೆಗೆದುಕೊಂಡಿದ್ದಾರೆ. ಕೈಪಿಡಿಯವರು ರಸಪ್ರಶ್ನೆ ಪುಸ್ತಕವೊಂದರಿಂದ. ರಸಪ್ರಶ್ನೆಯವರು ದಿನಪತ್ರಿಕೆಯೊಂದರ ಭಾನುವಾರದ ಪುರವಣಿಯಿಂದ. ನಡುವೆ ಒಂದು ವಿಶ್ವಕೋಶ ಸಿಕ್ಕಿ ಬಹಳ ಸಂತೋಷಪಟ್ಟೆ. ಬಿಡಿಸಿ ನೋಡಿದರೆ ಅದು ನಮ್ಮ ಪಠ್ಯಪುಸ್ತಕವನ್ನೇ ಆಧಾರವೆಂದು ತೋರಿಸಿತ್ತು. ಕೊನೆಗೆ ದಾರಿ ಮಕ್ಕಳ ಮಾಸಪತ್ರಿಕೆಯೊಂದರಲ್ಲಿ ನಿಂತಿದೆ. ಮೂವತ್ತೆಂಟು ವರ್ಷಗಳ ಹಿಂದಿನ ಆಗಸ್ಟ್ ಸಂಚಿಕೆ, ಪುಟ ಇಪ್ಪತ್ತೆರಡು, ಬುಡದ ಎರಡು ಸಾಲು. ಬರೆದವರ ಹೆಸರಿಲ್ಲ.

ಆ ಮಾಸಪತ್ರಿಕೆಯ ಸಂಪಾದಕರು ತೀರಿಕೊಂಡಿದ್ದಾರೆ, ಮುದ್ರಣಾಲಯ ಮುಚ್ಚಿದೆ. ಆ ಪುಟದ ಅಚ್ಚುಮೊಳೆ ಜೋಡಿಸಿದ ಕಂಪೋಸಿಟರ್ ತಾವು. ಹಸ್ತಪ್ರತಿ ಯಾರದೆಂದು ನೆನಪಿದ್ದರೆ ದಯವಿಟ್ಟು ಲಿಖಿತವಾಗಿ ತಿಳಿಸಬೇಕು. ಮರುಮುದ್ರಣ ಸೆಪ್ಟೆಂಬರ್ ಕೊನೆಗೆ.

ಇದು ಕಚೇರಿಯ ಪತ್ರ. ಎಂಟು ತಿಂಗಳ ಮೇಲೆ ಮಗಳು ಅಪ್ಪನಿಗೆ ಬರೆದ ಕಾಗದವೆಂದು ದಯವಿಟ್ಟು ತಪ್ಪು ತಿಳಿಯಬಾರದು.

ಕಚೇರಿಯ ಪರವಾಗಿ ಮಾತ್ರ,
ಪಠ್ಯ ಪರಿಶೀಲಕಿ


ಜೂನ್ ೧೩

ಮಾನ್ಯ ಪಠ್ಯ ಪರಿಶೀಲಕಿಯವರ ಸನ್ನಿಧಾನಕ್ಕೆ,

ಕಚೇರಿಯ ಪತ್ರ ತಲುಪಿತು. ಲಕೋಟೆಯ ಬಾಯನ್ನು ವಕ್ರವಾಗಿ ಅಂಟಿಸಲಾಗಿತ್ತು. ನಮ್ಮ ಮನೆಯಲ್ಲಿ ಹಾಗೆ ಅಂಟಿಸಿದವರು ಬೈಸಿಕೊಳ್ಳದೆ ಉಳಿದದ್ದಿಲ್ಲ. ಪತ್ರದಲ್ಲಿ ‘ದಯವಿಟ್ಟು’ ಎರಡು ಸಲ ಬಂದಿದೆ, ಒಂದು ಸಾಕಿತ್ತು.

ಕಂಪೋಸಿಟರ್ ಎಂದರೆ ಕೊಟ್ಟದ್ದನ್ನು ಜೋಡಿಸುವವನು. ಬರೆಯುವವರು ಯಾರೋ, ಮೆಚ್ಚುಗೆ ಪಡೆಯುವವರು ಯಾರೋ, ತಪ್ಪಾದರೆ ಮಾತ್ರ ಮೊಳೆ ಹಿಡಿದವನ ಕಿವಿ ಹಿಂಡುತ್ತಾರೆ. ನಲವತ್ತು ವರ್ಷ ಜೋಡಿಸಿದ್ದೇನೆ. ಈ ಕೈಯಿಂದ ತಪ್ಪು ಹೊರಗೆ ಹೋಯಿತೆಂದು ಯಾರೂ ಹೇಳಿದ್ದಿಲ್ಲ. ಮೂವತ್ತೆಂಟು ವರ್ಷದ ಹಿಂದೆ ಯಾವ ಚೀಟಿಯನ್ನು ಯಾರು ಕೊಟ್ಟರೆಂದು ನೆನಪಿಟ್ಟುಕೊಳ್ಳಲು ನಾನು ನಿಮ್ಮ ಫೈಲು ಬೀರುವಲ್ಲ.

ಇನ್ನು, ತಪ್ಪು ಎಂದು ಹೇಳುವವರು ಯಾರು? ಭರಣಿಯಲ್ಲಿ ಕೂಡಿಟ್ಟರೆ ಯಾವ ಜೀವವೂ ಬೇಸರಕ್ಕೆ ಸುಮ್ಮನೆ ನಿಲ್ಲುತ್ತದೆ. ಅದು ನಿದ್ದೆಯೇ? ಲೋಕದಲ್ಲಿ ನಿದ್ದೆ ಬೇಡದ ಜೀವಗಳು ಇರುತ್ತವೆ. ನಮ್ಮ ಮನೆಯಲ್ಲೇ ಒಂದಿದೆ, ಸುಖವಾಗಿದೆ.

ಇದೂ ಕಚೇರಿಗೆ ಬರೆದದ್ದು. ಯಾರೂ ಏನೂ ತಪ್ಪು ತಿಳಿಯಬಾರದು.

ಸೀಸದ ಮಸಿ ಇನ್ನೂ ಉಗುರಿನಲ್ಲಿರುವ,
ನಿವೃತ್ತ ಕಂಪೋಸಿಟರ್


ಜೂನ್ ೨೩

ಅಪ್ಪಾ,

ಕಚೇರಿಯ ಹಾಳೆ ಪಕ್ಕಕ್ಕಿಟ್ಟೆ. ‘ನಮ್ಮ ಮನೆಯಲ್ಲೇ ಒಂದಿದೆ’ ಎಂಬ ಮಾತಿಗೆ ಕಚೇರಿಯ ಹಾಳೆಯಲ್ಲಿ ಉತ್ತರ ಕೊಡಲಾಗುವುದಿಲ್ಲ.

ಕಳೆದ ಅಕ್ಟೋಬರಿನಲ್ಲಿ ನಾನು ಬಂದಾಗ ಅಮ್ಮ ನನ್ನ ಕಣ್ಣೆದುರಿಗೇ ಅಂಗಡಿಯವರ ರಿಜಿಸ್ಟರ್ ಪುಸ್ತಕ ಹೊಲಿಯುತ್ತ ಕೂತು ದಬ್ಬಳವನ್ನು ಅಂಗೈಗೆ ಚುಚ್ಚಿಕೊಂಡಳು. ಡಾಕ್ಟರು ಕೈಗೆ ಕಟ್ಟು ಹಾಕಿ, ನಾಡಿ ನೋಡಿ, ಎದೆಗೆ ಕೊಳವೆಯಿಟ್ಟು, “ಇದು ಸೂಜಿ ಜಾರಿದ್ದಲ್ಲ, ಇವರು ತೂಕಡಿಸಿದ್ದಾರೆ. ದೇಹ ಪೂರ್ತಿ ಸೋತಿದೆ. ಮೂರು ತಿಂಗಳು ವಿಶ್ರಾಂತಿ ಬೇಕೇ ಬೇಕು” ಎಂದರು. ಮನೆಗೆ ಬಂದ ಮೇಲೆ, ಅಮ್ಮನನ್ನು ನಾನು ಕರೆದುಕೊಂಡು ಹೋಗುತ್ತೇನೆಂದೆ. ಆಗ ನೀವು ಚಾಪೆಯ ಮೇಲಿಂದ ತಲೆಯನ್ನೂ ಎತ್ತದೆ ಹೇಳಿದ್ದು ನನಗೆ ಅಕ್ಷರ ಬಿಡದೆ ನೆನಪಿದೆ. “ನಿಮ್ಮಮ್ಮ ಮಲಗೋ ಪೈಕಿ ಅಲ್ಲ. ಮದುವೆಯಾದ ದಿನದಿಂದ ನೋಡ್ತಿದ್ದೀನಿ. ಕೂರಿಸಿದ್ರೇ ಕಾಯಿಲೆ ಬೀಳ್ತಾಳೆ.”

ಅಮ್ಮನೂ ಹೌದೆಂದು ತಲೆಯಾಡಿಸಿದಳು. ಕಟ್ಟು ಹಾಕಿದ ಕೈಯಲ್ಲೇ ನನಗೆ ಊಟಕ್ಕೆ ತಟ್ಟೆ ಇಟ್ಟಳು. ನಾನು ಉಣ್ಣದೆ ಬಸ್ಸು ಹತ್ತಿದೆ. ಅದಕ್ಕೆ ಈ ಎಂಟು ತಿಂಗಳು.

ಈಗ ಇರುವೆಯ ಮಾತು. ಹಸ್ತಪ್ರತಿ ಇತ್ತೇ, ಇರಲಿಲ್ಲವೇ? ನನಗೆ ಹೌದು ಅಥವಾ ಇಲ್ಲ ಬೇಕು. ಮಿಕ್ಕಿದ್ದು ಬೇಡ.

ನಿಮ್ಮಷ್ಟೇ ಹಟದ,
ಮಗಳು


ಜುಲೈ ೨

ಪುಟ್ಟಿ,

ನಿನ್ ಕಾಗದ ನಿಮ್ಮಪ್ಪ ಓದಿ ದಿಂಬಿನ ಕೆಳಗಿಟ್ರು. ನಾನು ದಿಂಬು ಕೊಡವೋವಾಗ ಓದ್ದೆ. ಅವರು ನಿನಗೆ ಬರೆದ ಕಾಗದಾನೂ ನಾನು ಓದಿದ್ದೆ. ಲಕೋಟೆ ಅಂಟಿಸೋಳು ನಾನಲ್ವಾ. ನಲವತ್ತು ವರ್ಷ ಊರಿನ ಪುಸ್ತಕ ಎಲ್ಲಾ ಮಡಚಿ ಹೊಲಿದೋಳು, ಕೈಗೆ ಬಂದ ಹಾಳೆ ಓದದೆ ಬಿಡ್ತೀನಾ?

ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ, ಹಾಗಾಯ್ತು ನಿಮ್ಮಪ್ಪನ ಕಥೆ. ನೀನು ಕೇಳಿದ್ದು ಇರುವೆ ವಿಷಯ. ಅವರು ಯಾಕೆ ಅಷ್ಟು ಹಾರಾಡಬೇಕಿತ್ತು? ನಾನು ಹೇಳ್ತೀನಿ ಕೇಳು.

ನೀನಾಗ ಮೂರು ತಿಂಗಳ ಕೂಸು. ಮಧ್ಯಾಹ್ನ ಊಟಕ್ಕೆ ಬಂದಿದ್ರು. ಪತ್ರಿಕೆ ಸಂಜೆ ಮೆಷಿನ್‌ಗೆ ಹೋಗಬೇಕು, ಇಪ್ಪತ್ತೆರಡನೇ ಪುಟದ ಬುಡದಲ್ಲಿ ಎರಡು ಸಾಲು ಖಾಲಿ ಬಿದ್ದಿದೆ, ಸಂಪಾದಕರು ಊರಲ್ಲಿಲ್ಲ ಅಂತ ಒಂದೇ ಸಮ ಗೊಣಗ್ತಿದ್ರು. ಗೊಣಗ್ತಾ ಗೊಣಗ್ತಾ ಚಾಪೆ ಹಾಕಿ ಮಲಗೇಬಿಟ್ರು. ನಾನು ಒಂದು ತೊಡೆ ಮೇಲೆ ನಿನ್ನ ಇಟ್ಕೊಂಡು, ಇನ್ನೊಂದು ಕಡೆ ಅದೇ ಪತ್ರಿಕೆಯ ಮೊದಲ ಫಾರಂ, ಅಂದ್ರೆ ಅಚ್ಚಾಗಿ ಬಂದ ದೊಡ್ಡ ಹಾಳೆ, ಮಡಚ್ತಾ ಇದ್ದೆ. ರೇಗಿಹೋಯ್ತು. “ರೀ, ಆ ಇರುವೆ ನೋಡಿ ಸ್ವಲ್ಪ ಬುದ್ಧಿ ಕಲೀರಿ! ಅದು ಜನ್ಮದಲ್ಲಿ ಒಂದು ಸಲನಾದ್ರೂ ಹಿಂಗೆ ಅಂಗಾತ ಬಿದ್ಕೊಳುತ್ತಾ?” ಅಂದೆ.

ದಡಕ್ ಅಂತ ಎದ್ರು. ಅಬ್ಬಾ, ನಾಟ್ತು ಅಂದ್ಕೊಂಡೆ. ಚಪ್ಪಲಿ ಮೆಟ್ಟಿ ಪ್ರೆಸ್ಸಿಗೆ ಓಡಿದ್ರು. ವಾರ ಬಿಟ್ಟು ಮಿಕ್ಕ ಫಾರಂ ಮನೆಗೆ ಬಂತು. ಇಪ್ಪತ್ತೆರಡನೇ ಪುಟ ಮಡಚೋವಾಗ ನೋಡ್ತೀನಿ, ನನ್ನ ಮಾತೇ ಕೋಟು ಹಾಕ್ಕೊಂಡು ಕೂತಿದೆ! ನಾಲ್ಕು ಸಾವಿರ ಪ್ರತಿ ಮಡಚ್ದೆ, ನಾಲ್ಕು ಸಾವಿರ ಸಲ ನಕ್ಕೆ.

ನಾನು ಹೇಳಿದ್ದು ವಿಜ್ಞಾನ ಅಲ್ಲ ಕಣೇ, ಬೈಗುಳ. ಅದನ್ನ ಮಕ್ಕಳು ಉರು ಹೊಡೀತಾರೆ ಅಂತ ನನಗೇನು ಗೊತ್ತು?

ಅಪ್ಪನ ಮೇಲೆ ಜಾಸ್ತಿ ಕೂಗಾಡಬೇಡ. ನನ್ನ ಕೈ ವಾಸಿಯಾಗಿದೆ. ತೂಕಡಿಕೆ ಅಂದಿಯಲ್ಲ, ಅದೇನು ನಿದ್ದೇನಾ? ಕಣ್ಣು ಒಂಚೂರು ಎಳೆಯುತ್ತೆ, ಬಿಡುತ್ತೆ. ಕೆಲಸ ಮಾಡೋರಿಗೆಲ್ಲಾ ಇದ್ದದ್ದೇ.

ಅಂಟಿನ ಕೈಯಲ್ಲೇ ಬರೆದ,
ಅಮ್ಮ


ಜುಲೈ ೧೨

ಅಪ್ಪಾ,

ಅಮ್ಮ ಎಲ್ಲ ಬರೆದಿದ್ದಾಳೆ. ಅವಳ ಮೇಲೆ ರೇಗಬೇಡಿ.

ಮೊದಲು ನಗು ಬಂತು. ಮೇಜಿನ ಮೇಲೆ ತಲೆಯಿಟ್ಟು ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕೆ. ಕೈಪಿಡಿ, ರಸಪ್ರಶ್ನೆ, ಪುರವಣಿ, ವಿಶ್ವಕೋಶ, ಅಂತೆಕಂತೆಗಳ ಅಷ್ಟು ದೊಡ್ಡ ಮೆಟ್ಟಿಲು ಹತ್ತಿ ಹೋದರೆ ಕೊನೆಗೆ ಸಿಕ್ಕಿದ್ದು ನಮ್ಮ ಮನೆಯ ಅಡುಗೆಮನೆ, ಅಲ್ಲಿ ಅಮ್ಮನ ತೊಡೆಯ ಮೇಲೆ ನಾನೇ! ನಿರ್ದೇಶಕರಿಗೆ ಹೇಳಿದೆ. ಅವರು ನಗಲಿಲ್ಲ. “ಹೆಂಡತಿ ಗಂಡನಿಗೆ ಬೈದಿದ್ದು ಅಂತ ಫೈಲಲ್ಲಿ ಬರೆಯೋಕಾಗುತ್ತೇನ್ರೀ? ಮೂವತ್ತು ವರ್ಷದಿಂದ ಇರೋ ವಾಕ್ಯ. ತೆಗೀಬೇಕು ಅಂದ್ರೆ ಆ ಕಂಪೋಸಿಟರ್ ಕೈಬರಹ ಬೇಕು. ಇಲ್ಲಾಂದ್ರೆ ಇದ್ದ ಹಾಗೇ ಅಚ್ಚಿಗೆ ಹೋಗ್ಲಿ” ಎಂದರು.

ನಗು ಮುಗಿದ ಮೇಲೆ ಅಳು ಬಂತು ಅಪ್ಪಾ. ಪಠ್ಯಪುಸ್ತಕಕ್ಕಿಂತ ಎಷ್ಟೋ ಮೊದಲು ಆ ಮಾತು ನಮ್ಮ ಮನೆಯಲ್ಲಿ ಪಾಠವಾಗಿತ್ತು. ಸ್ಕೂಲಿನಲ್ಲಿ ಗೆಳತಿಯರ ಮುಂದೆ “ನಮ್ಮಮ್ಮ ನಿದ್ದೇನೇ ಮಾಡಲ್ಲ ಗೊತ್ತಾ” ಎಂದು ಜಂಬ ಕೊಚ್ಚುತ್ತಿದ್ದವಳು ನಾನು. ಬೆಳಿಗ್ಗೆ ನಾಲ್ಕಕ್ಕೆ ಎಬ್ಬಿಸು ಎಂದು ಹೇಳಿ ಹಾಯಾಗಿ ಮಲಗುತ್ತಿದ್ದೆ. ನಾಲ್ಕಕ್ಕೆ ಎಬ್ಬಿಸಬೇಕಾದರೆ ಅವಳು ಎಷ್ಟಕ್ಕೆ ಏಳಬೇಕೆಂದು ಒಮ್ಮೆಯೂ ಯೋಚಿಸಲಿಲ್ಲ. ನಿಮ್ಮೊಬ್ಬರದೇ ತಪ್ಪೆಂದು ಅಕ್ಟೋಬರಿನಲ್ಲಿ ಕೂಗಿದ್ದು ಅನ್ಯಾಯ. ನನಗೂ ಆ ಮಾತು ಅನುಕೂಲವಾಗಿತ್ತು.

ವಿಜ್ಞಾನಿಗಳು ಇರುವೆಗಳ ಮೇಲೆ ಕ್ಯಾಮೆರಾ ಇಟ್ಟು ನೋಡಿದ್ದಾರೆ. ಒಂದು ಜಾತಿಯ ಕೆಲಸಗಾರ ಇರುವೆಗಳು ದಿನಕ್ಕೆ ಸುಮಾರು ಇನ್ನೂರೈವತ್ತು ಸಲ ನಿದ್ದೆ ಮಾಡುತ್ತವೆ. ಒಂದೊಂದು ಸಲ ಒಂದು ನಿಮಿಷದಷ್ಟು. ರೆಪ್ಪೆಯಿಲ್ಲವಾದ್ದರಿಂದ ಕಣ್ಣು ಮುಚ್ಚುವುದಿಲ್ಲ. ಎಲ್ಲವೂ ಒಟ್ಟಿಗೆ ಮಲಗುವುದಿಲ್ಲವಾದ್ದರಿಂದ ಸಾಲು ಎಂದೂ ನಿಂತಂತೆ ಕಾಣುವುದಿಲ್ಲ. ದೂರದಿಂದ ನೋಡುವವರಿಗೆ ಇರುವೆಗೆ ನಿದ್ದೆಯೇ ಇಲ್ಲ.

ನನ್ನ ಮಾತು ನಂಬಬೇಡಿ. ನಿಮ್ಮ ಪ್ರೂಫು ನೋಡುವ ಭೂತಗನ್ನಡಿ ಇದೆಯಲ್ಲ, ತೆಗೆದುಕೊಳ್ಳಿ. ಕಿಟಕಿಯ ಕಟ್ಟೆಯ ಮೇಲೆ ಸಕ್ಕರೆ ಹಾಕಿ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಒಂದು ವಾರ ಕೂತು ನೋಡಿ. ಆಮೇಲೆ ಬರೆಯಿರಿ.

ಕಾಯುತ್ತಿರುವ,
ಮಗಳು


ಆಗಸ್ಟ್ ೨೦

ಅಪ್ಪಾ,

ಐದು ವಾರವಾಯಿತು. ತಿಂಗಳ ಕೊನೆಯೊಳಗೆ ನಿಮ್ಮ ಕೈಬರಹ ಬಾರದಿದ್ದರೆ ಚೌಕ ಇದ್ದ ಹಾಗೇ ಹೋಗುತ್ತದೆ. ಇನ್ನೊಂದಷ್ಟು ಲಕ್ಷ ಮಕ್ಕಳು ಅದನ್ನೇ ಕಲಿಯುತ್ತಾರೆ. ಭರಣಿ ಇಟ್ಟುಕೊಂಡ ಆ ಶಿಕ್ಷಕಿಗೆ ಏನು ಉತ್ತರ ಬರೆಯಲಿ?

ಅಮ್ಮ ಹೇಗಿದ್ದಾಳೆ? ಅವಳೂ ಬರೆದಿಲ್ಲ.

ಮಗಳು


ಆಗಸ್ಟ್ ೨೭

ಮಗಳೇ,

ಜೊತೆಗಿರುವ ಹಾಳೆ ನಿಮ್ಮ ನಿರ್ದೇಶಕರಿಗೆ. ‘ಈ ವಾಕ್ಯಕ್ಕೆ ಹಸ್ತಪ್ರತಿ ಇರಲಿಲ್ಲ. ಯಾವ ಪುಸ್ತಕವನ್ನೂ ನೋಡಿ ಬರೆದದ್ದಲ್ಲ. ಖಾಲಿ ಜಾಗ ತುಂಬಲು ನಾನೇ ಜೋಡಿಸಿದೆ’ ಎಂದು ಬರೆದು ಸಹಿ ಮಾಡಿದ್ದೇನೆ. ಇಷ್ಟು ಬರೆಯಲು ಐದು ವಾರ ಬೇಕಾಯಿತು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ವಂಶ ನಮ್ಮದು. ಮೀಸೆ ಒರೆಸಿಕೊಳ್ಳಲು ಹೊತ್ತು ಹಿಡಿಯಿತು.

ನಮ್ಮ ಕಸುಬಿನ ಪದ್ಧತಿ ನಿನಗೆ ಗೊತ್ತಿಲ್ಲ. ಪುಟದ ಬುಡದಲ್ಲಿ ಬಿಳಿ ಜಾಗ ಉಳಿದರೆ ಕಂಪೋಸಿಟರ್‌ಗೆ ಅವಮಾನ. ಅದಕ್ಕೆ ಪ್ರತಿಯೊಬ್ಬನ ಬಳಿ ಒಂದು ತಗಡಿನ ಡಬ್ಬಿ ಇರುತ್ತಿತ್ತು. ಒಂದು ಸಾಲಿನ ಗಾದೆ, ಎರಡು ಸಾಲಿನ ಸ್ವಾರಸ್ಯ, ಎಲ್ಲ ಮೊದಲೇ ಜೋಡಿಸಿ ನೂಲು ಸುತ್ತಿ ಇಟ್ಟಿರುತ್ತಿದ್ದೆವು. ಎಷ್ಟು ಜಾಗ ಖಾಲಿಯೋ ಅಷ್ಟರದ್ದು ತೆಗೆದು ಕೂರಿಸುವುದು. ನಿಜವೋ ಸುಳ್ಳೋ ಯಾರೂ ಕೇಳುತ್ತಿರಲಿಲ್ಲ; ಅಳತೆಗೆ ಬಂದರೆ ಆಯಿತು. ಆ ದಿನ ನನ್ನ ಡಬ್ಬಿ ಖಾಲಿಯಾಗಿತ್ತು. ನಿಮ್ಮಮ್ಮನ ಬೈಗುಳ ಸರಿಯಾಗಿ ಎರಡು ಸಾಲಿಗೆ ಬಂತು. ನನ್ನ ಹೆಮ್ಮೆ ಅಷ್ಟೇ ಆಗಿತ್ತು, ನಂಬು.

ಈಗ ಇರುವೆ. ನೀನು ಹೇಳಿದ ಹಾಗೆ ಸಕ್ಕರೆ ಹಾಕಿ ಕುಳಿತೆ. ನಿನ್ನನ್ನು ಸುಳ್ಳುಗಾತಿ ಮಾಡಬೇಕೆಂದೇ ಕುಳಿತೆ. ಮಧ್ಯಾಹ್ನದ ಮಲಗುವಿಕೆ ಬಿಟ್ಟೆ. ಮೂರು ದಿನ ಏನೂ ಕಾಣಲಿಲ್ಲ, ಬರೀ ಓಡಾಟ. ನಾಲ್ಕನೆಯ ದಿನ ಗೋಡೆಯ ಬಿರುಕಿನ ಪಕ್ಕದಲ್ಲಿ ಒಂದು ಇರುವೆ ನಿಂತಿತು. ಮೀಸೆ ಜೋತುಬಿತ್ತು. ಬೇರೆಯವು ಅದನ್ನು ಮುಟ್ಟಿಕೊಂಡೇ ಹೋದರೂ ಅಲುಗಲಿಲ್ಲ. ನಾನು ಉಸಿರು ಹಿಡಿದು ನೋಡಿದೆ. ಒಂದು ನಿಮಿಷ ಕಳೆದ ಮೇಲೆ ಮೈ ಕೊಡವಿ ಹೊರಟಿತು.

ಗೆದ್ದೆ ಎಂದುಕೊಂಡೆಯಾ? ಇನ್ನೂ ಇದೆ.

ಉಸಿರು ಹಿಡಿದದ್ದರಿಂದ ಮನೆಯ ಸದ್ದು ಕೇಳಿಸಿತು. ಅಥವಾ ಸದ್ದಿಲ್ಲದ್ದು ಕೇಳಿಸಿತು. ನಿಮ್ಮಮ್ಮ ಹೊಲಿಯುವಾಗ ನೂಲು ಕಾಗದದೊಳಗೆ ಸರ್ರೆಂದು ಸರಿಯುತ್ತದಲ್ಲ, ಅದು ನಿಂತಿತ್ತು. ತಿರುಗಿ ನೋಡಿದೆ. ಸೂಜಿ ಅರ್ಧ ಕಾಗದದಲ್ಲಿ, ಅರ್ಧ ಕೈಯಲ್ಲಿ. ತಲೆ ಗೋಡೆಗೆ ಒರಗಿತ್ತು. ಕಣ್ಣು ಪೂರ್ತಿ ಮುಚ್ಚಿರಲಿಲ್ಲ. ಒಂದು ನಿಮಿಷ. ಆಮೇಲೆ ತಾನೇ ನೆಟ್ಟಗೆ ಕೂತು ನೂಲು ಎಳೆದಳು, ಏನೂ ಆಗದವಳ ಹಾಗೆ.

ಆ ಗೋಡೆಯ ಮೇಲೆ ಅವಳ ತಲೆಯ ಎತ್ತರಕ್ಕೆ ಸರಿಯಾಗಿ ಒಂದು ಎಣ್ಣೆಯ ಕಲೆಯಿದೆ. ಎರಡು ಸಲ ಸುಣ್ಣ ಹೊಡೆಸಿದೆ, ಎರಡು ಸಲವೂ ಕಲೆ ಮತ್ತೆ ಬಂತು. ಸುಣ್ಣದವನಿಗೆ ಬೈದೆ. ಅದು ಅವಳ ತಲೆ ತಾಗಿ ತಾಗಿ ಆದ ಕಲೆಯೆಂದು ಈ ಆಗಸ್ಟ್ ತಿಂಗಳಿನಲ್ಲಿ ತಿಳಿಯಿತು, ಅದೂ ಇರುವೆ ನೋಡಲು ಹೋಗಿ.

ಮರುದಿನ ಎಣಿಸಿದೆ. ಹತ್ತೊಂಬತ್ತು ಸಲ. ಹೆಚ್ಚಿನವು ಊಟದ ಮೇಲಿನ ಎರಡು ಗಂಟೆಯಲ್ಲಿ. ಆ ಹೊತ್ತಿಗೆ ನಾನು ಪ್ರತಿದಿನ ಗೊರಕೆ ಹೊಡೆಯುತ್ತಿದ್ದೆ. ಅವಳು ಮಲಗುವುದು ನನಗೆ ಹೇಗೆ ಕಾಣಬೇಕು? ನಾನು ನೋಡಿದ್ದೇನೆ, ನೋಡಿದ್ದೇನೆ ಎಂದು ಲೋಕಕ್ಕೆಲ್ಲ ಹೇಳಿಕೊಂಡು ತಿರುಗಿದೆ. ನಾನು ನೋಡಲೇ ಇಲ್ಲ ಮಗಳೇ.

ನಲವತ್ತು ವರ್ಷದ ಕೈಗೆ ಒಂದು ತಪ್ಪು ಸಿಕ್ಕಿದೆ. ಅದು ಪುಟ ಇಪ್ಪತ್ತೆರಡರಲ್ಲಿ ಮಾತ್ರ ಇಲ್ಲ. ನಾಚಿಕೆಯಾಗುತ್ತಿದೆ.

ಅಪ್ಪ


ಸೆಪ್ಟೆಂಬರ್ ೫

ಪುಟ್ಟಿ,

ನಿಮ್ಮಪ್ಪನಿಗೆ ಏನ್ ಮಂತ್ರ ಹಾಕ್ದೆ ತಾಯಿ? ಮಧ್ಯಾಹ್ನ ಎದುರಿಗೆ ಕೂತು ಭೂತಗನ್ನಡಿ ಹಿಡ್ಕೊಂಡು ನನ್ನನ್ನೇ ನೋಡ್ತಾರೆ. “ಏನ್ರೀ, ನಾನೇನು ಪ್ರೂಫಾ?” ಅಂದೆ. “ಮಲಗು” ಅಂತಾರೆ. ಹಂಗೆ ಗುರುಗುಟ್ಕೊಂಡು ನೋಡ್ತಾ ಕೂತ್ರೆ ಯಾರಿಗಾದ್ರೂ ನಿದ್ದೆ ಬರುತ್ತಾ?

ಮೊನ್ನೆ ನನಗೆ ಹೇಳದೆ ಕೇಳದೆ ರಿಜಿಸ್ಟರ್ ಅಂಗಡಿಗೆ ಹೋಗಿ, ಇನ್ನು ಮೂರು ತಿಂಗಳು ಕೆಲಸ ಕಳಿಸಬೇಡಿ ಅಂದು ಬಂದಿದ್ದಾರೆ. ಒಪ್ಪಿಕೊಂಡಿರೋದನ್ನ ತಾವೇ ಮುಗಿಸಿಕೊಡ್ತಾರಂತೆ! ಮೊದಲ ದಿನ ಮಡಚಿದ್ದು ಪೂರ್ತಿ ನಾನು ಬಿಚ್ಚಿದೆ. ಅಂಚಿಗೆ ಅಂಚು ಕೂಡಿಸೋಕೆ ಬರಲ್ಲ, ನಲವತ್ತು ವರ್ಷ ಅಳತೆ ಅಳತೆ ಅಂತ ಬಡ್ಕೊಂಡ್ರು.

ಚಾಪೆ ನನಗೆ ಬಿಟ್ಟುಕೊಟ್ಟಿದ್ದಾರೆ. ಅದರ ಮೇಲೆ ಮಲಗಿದ್ರೆ ಕಳ್ಳತನ ಮಾಡ್ದಂಗೆ ಅನ್ಸುತ್ತೆ ಪುಟ್ಟಿ. ಎದೆ ಢವಢವ ಅನ್ನುತ್ತೆ. ಎದ್ದು ಕೂರ್ತೀನಿ. ನನಗೆ ಮಲಗೋದೇ ಮರೆತುಹೋಗಿದ್ಯೋ ಏನೋ. ಹೀಗೆ ಬರೀಬಾರದಿತ್ತು, ಬರೆದುಬಿಟ್ಟೆ.

ನಿನ್ ಅಮ್ಮ


ಸೆಪ್ಟೆಂಬರ್ ೧೩

ಅಪ್ಪಾ, ಅಮ್ಮಾ, ಇಬ್ಬರಿಗೂ,

ಅಪ್ಪನ ಕೈಬರಹ ಫೈಲಿಗೆ ಸೇರಿತು. ನಿರ್ದೇಶಕರು ಎರಡು ಸಲ ಓದಿ, ಕನ್ನಡಕ ಒರೆಸಿಕೊಂಡು, “ನಿಮ್ಮ ತಂದೆ ಅಕ್ಷರ ಚೆನ್ನಾಗಿದೆ” ಎಂದರು. ಹಳೆಯ ವಾಕ್ಯವನ್ನು ತೆಗೆಯುತ್ತಾರೆ. ಶಿಕ್ಷಕಿಗೆ ಪತ್ರ ಬರೆದಾಯಿತು.

ಅಮ್ಮಾ, ಮಲಗುವುದು ಕಳ್ಳತನವಲ್ಲ. ಡಾಕ್ಟರನ್ನು ಕೇಳಿದೆ, ಮೊದಮೊದಲು ಎದೆ ಢವಢವ ಅನ್ನುವುದು ಸಹಜ, ಆದರೂ ಒಮ್ಮೆ ಬಂದು ತೋರಿಸಲಿ ಎಂದರು. ಈ ವಾರವೇ ಹೋಗಬೇಕು. ಮುಂದಿನ ತಿಂಗಳು ಇಬ್ಬರೂ ಇಲ್ಲಿಗೆ ಬನ್ನಿ. ಬೀದಿಯ ಸದ್ದಿಲ್ಲದ ಕೋಣೆ ಖಾಲಿ ಮಾಡಿಟ್ಟಿದ್ದೇನೆ. ಅಲ್ಲಿ ಸೂಜಿ ಇಲ್ಲ, ನೂಲು ಇಲ್ಲ, ಅಂಟೂ ಇಲ್ಲ.

ಅಪ್ಪಾ, ನಿಮಗೆ ಒಂದು ಕೆಲಸ. ಪುಟಗಳೆಲ್ಲ ಕೂಡಿಸಿಯಾಗಿದೆ, ಚೌಕ ದೊಡ್ಡದು ಮಾಡುವಂತಿಲ್ಲ. ಎರಡೇ ಸಾಲು. ನಾನು ಬರೆದದ್ದು ಎಷ್ಟು ಕತ್ತರಿಸಿದರೂ ಮೂರೂವರೆ ಸಾಲಾಗುತ್ತಿದೆ. ಜಾಗ ತುಂಬಿಸುವುದರಲ್ಲಿ ನಿಮ್ಮನ್ನು ಮೀರಿಸಿದವರಿಲ್ಲ. ಈ ಸಲ ನಿಜವಾದದ್ದು ಕೊಡಿ.

ಅಕ್ಟೋಬರಿನಲ್ಲಿ ಉಣ್ಣದೆ ಹೋದದ್ದಕ್ಕೆ ನನಗೆ ಇಂದಿಗೂ ಸಂಕಟವಿದೆ.

ನಿಮ್ಮ ಮಗಳು


ಸೆಪ್ಟೆಂಬರ್ ೨೧

ಮಗಳೇ,

ಡಾಕ್ಟರು ನೋಡಿದರು. ಎದೆಗೆ ಏನೂ ಆಗಿಲ್ಲ, ನಿದ್ದೆ ಬಾಕಿಯಿದೆ, ಅಷ್ಟೇ ಎಂದರು. ಮುಂದಿನ ತಿಂಗಳ ಹದಿನೈದನೆಯ ತಾರೀಖಿನ ಬಸ್ಸಿಗೆ ಇಬ್ಬರೂ ಬರುತ್ತೇವೆ. ಚಾಪೆಯನ್ನೂ ತರುತ್ತೇವೆ, ಅದು ಈಗ ಅವಳದು.

ನಿನ್ನ ಎರಡು ಸಾಲು ಹೀಗಿದೆ. ಅಳತೆ ಮೂರು ಸಲ ನೋಡಿದ್ದೇನೆ.

‘ಇರುವೆಯೂ ಮಲಗುತ್ತದೆ, ಒಂದೊಂದು ಸಲ ಒಂದೇ ನಿಮಿಷ.
ಪಕ್ಕದಲ್ಲಿ ಕುಳಿತು ನೋಡುವವರಿಗೆ ಕಾಣುತ್ತದೆ.’

ಬರೆದವರ ಹೆಸರು ಹಾಕುವುದು ಬೇಡ.

ಈಗ ಮಧ್ಯಾಹ್ನ ಎರಡೂಕಾಲು. ಇವತ್ತು ನಾನು ಅವಳ ಕಡೆ ನೋಡುವುದನ್ನು ಬಿಟ್ಟು, ಬೆನ್ನು ತಿರುಗಿಸಿ ಕೂತು ರಿಜಿಸ್ಟರ್ ಮಡಚುತ್ತಿದ್ದೆ. ಅವಳ ಬೈಗುಳ ನಿಂತು ತುಂಬ ಹೊತ್ತಾಯಿತಲ್ಲ ಎಂದು ತಿರುಗಿದರೆ, ಚಾಪೆಯ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದಾಳೆ. ಬಾಯಿ ಸ್ವಲ್ಪ ತೆರೆದಿದೆ. ಗಡಿಯಾರ ನೋಡಿದೆ. ಅಲ್ಲಿಂದ ಈಗ ಒಂದು ಗಂಟೆ ಹತ್ತು ನಿಮಿಷ ಕಳೆಯಿತು, ಇನ್ನೂ ಎದ್ದಿಲ್ಲ. ಗೊರಕೆಯೂ ಇದೆ, ಆದರೆ ಅದನ್ನು ನಾನು ಹೇಳಿದೆನೆಂದು ಅವಳಿಗೆ ತಿಳಿಸಬೇಡ.

ಅಂಚೆಯ ಹೊತ್ತು ಮೀರುತ್ತಿದೆ. ಎಬ್ಬಿಸಲು ಮನಸ್ಸಾಗಲಿಲ್ಲ. ಲಕೋಟೆ ನಾನೇ ಅಂಟಿಸುತ್ತೇನೆ. ವಕ್ರವಾಗಿದ್ದರೆ ಹೊಟ್ಟೆಗೆ ಹಾಕಿಕೋ.

ಅಪ್ಪ